ಡಬ್ಲಿನ್ ಹಾರ್ಸ್ ಶೋ: ಐದು ದಿನಗಳ ಕುದುರೆ ಮೇಳವನ್ನು ಒಳಗಿನವರಂತೆ ನೋಡುವ ಬಗೆ

ಪ್ರತಿ ವರ್ಷ ಆಗಸ್ಟ್ ತಿಂಗಳಲ್ಲಿ, ಐರ್ಲೆಂಡಿನ ರಾಜಧಾನಿಯ ಬಾಲ್ಸ್‌ಬ್ರಿಡ್ಜ್ ಬಡಾವಣೆಯಲ್ಲಿರುವ ರಾಯಲ್ ಡಬ್ಲಿನ್ ಸೊಸೈಟಿಯ ಮೈದಾನದಲ್ಲಿ, ಬುಧವಾರದಿಂದ ಭಾನುವಾರದವರೆಗೆ ಡಬ್ಲಿನ್ ಹಾರ್ಸ್ ಶೋ ನಡೆಯುತ್ತದೆ. ಎಲ್ಲರೂ ಆರ್‌ಡಿಎಸ್ ಎಂದೇ ಕರೆಯುವ ಈ ಸೊಸೈಟಿ 1731ರಲ್ಲಿ ಹುಟ್ಟಿತು. ಅದು ನಡೆಸಿದ ಮೊದಲ ಕುದುರೆ ಪ್ರದರ್ಶನ 1868ರಲ್ಲಿ, ಊರಿನ ನಡುವಿನ ಲೀನ್‌ಸ್ಟರ್ ಹೌಸ್‌ನ ಹುಲ್ಲುಹಾಸಿನ ಮೇಲೆ ನಡೆಯಿತು. 1881ರಲ್ಲಿ ಅದು ಬಾಲ್ಸ್‌ಬ್ರಿಡ್ಜ್‌ಗೆ ಬಂದಿತು. ಎರಡು ಮಹಾಯುದ್ಧಗಳ ಕಾಲದಲ್ಲಿಯೂ 2020 ಮತ್ತು 2021ರ ಕೋವಿಡ್ ವರ್ಷಗಳಲ್ಲಿಯೂ ನಿಂತದ್ದನ್ನು ಬಿಟ್ಟರೆ ಇಂದಿಗೂ ಅಲ್ಲಿಯೇ ನಡೆಯುತ್ತಿದೆ.

ಐರ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗರಿಗಾಗಿ ಮತ್ತು ಆಗಸ್ಟ್‌ನಲ್ಲಿ ಅಲ್ಲಿಗೆ ಹೋಗುವವರಿಗಾಗಿ ಈ ಲೇಖನವನ್ನು ಬರೆಯುತ್ತಿದ್ದೇನೆ. ಮೊದಲ ಬಾರಿ ಹೋಗುವವರು ಸಾಮಾನ್ಯವಾಗಿ ಶುಕ್ರವಾರ ಮಧ್ಯಾಹ್ನದ ದೊಡ್ಡ ಸ್ಪರ್ಧೆಗೆ ಒಂದು ಟಿಕೆಟ್ ಕೊಂಡು, ಕುಳಿತು ನೋಡಿ, ಸಂಜೆ ಮನೆಗೆ ಮರಳುತ್ತಾರೆ. ಅವರು ಕಂಡದ್ದು ಸುಂದರವಾದ ಒಂದು ಕ್ರೀಡಾಕೂಟ. ಆದರೆ ಈ ಪ್ರದರ್ಶನವನ್ನು ಒಂದೂವರೆ ಶತಮಾನ ಹಿಡಿದು ನಿಲ್ಲಿಸಿರುವ ಜನಸಮುದಾಯ ಅವರ ಕಣ್ಣಿಗೆ ಬಿದ್ದಿರುವುದಿಲ್ಲ. ಆ ಸಮುದಾಯ ಮುಖ್ಯ ಅಂಕಣದ ಆಸನಗಳಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಪಕ್ಕದ ಅಂಕಣಗಳ ಅಂಚಿನಲ್ಲಿ, ಅಭ್ಯಾಸದ ಜಾಗದ ಬೇಲಿಯ ಬಳಿ, ಸರದಿಗಾಗಿ ಕಾಯುವ ಕುದುರೆಗಳ ಸುತ್ತ ಇರುತ್ತದೆ. ಅದನ್ನು ಕಾಣಲು ಸ್ವಲ್ಪ ಸಿದ್ಧತೆಯೂ ಕನಿಷ್ಠ ಎರಡು ದಿನಗಳ ಬಿಡುವೂ ಬೇಕು.

ಮೊದಲು ದಿನಗಳನ್ನು ಆರಿಸಿಕೊಳ್ಳಿ

ಆಯಾ ವರ್ಷದ ವೇಳಾಪಟ್ಟಿ ಪ್ರಕಟವಾದ ಕೂಡಲೇ ಅದನ್ನು ಓದಿ, ನಿಮಗೆ ಬೇಕಾದ ದಿನಗಳನ್ನು ಗುರುತು ಹಾಕಿಕೊಳ್ಳಬೇಕು. ಗುರುವಾರ ಲೇಡೀಸ್ ಡೇ. ಅಂದು ಉಡುಗೆಗೆ ಬಹುಮಾನವಿರುತ್ತದೆ ಮತ್ತು ಜನಸಂದಣಿಯೂ ಹೆಚ್ಚು. ಶುಕ್ರವಾರ ರಾಷ್ಟ್ರತಂಡಗಳ ಜಂಪಿಂಗ್ ಸ್ಪರ್ಧೆ, ಅಂದರೆ ಕುದುರೆಗಳು ತಡೆಗಳನ್ನು ಜಿಗಿದು ದಾಟುವ ನೇಷನ್ಸ್ ಕಪ್. ಶನಿವಾರ ಪ್ಯುಸಾನ್ಸ್ ಎಂಬ ಎತ್ತರದ ಗೋಡೆಯ ಜಿಗಿತ, ಭಾನುವಾರ ಗ್ರ್ಯಾನ್ ಪ್ರಿ ಎಂಬ ವೈಯಕ್ತಿಕ ಜಂಪಿಂಗ್ ಸ್ಪರ್ಧೆ. ಎರಡೇ ದಿನ ಸಾಧ್ಯವೆಂದಾದರೆ ಬುಧವಾರ ಮತ್ತು ಶುಕ್ರವಾರಗಳನ್ನು ಆರಿಸಿಕೊಳ್ಳಿ ಎಂಬುದು ನನ್ನ ಸಲಹೆ. ಬುಧವಾರ ಅಂಚಿನಲ್ಲಿ ನಿಲ್ಲಲು ಜಾಗ ಸಿಗುತ್ತದೆ, ಮಾತಾಡಲು ಜನರಿಗೆ ಪುರುಸೊತ್ತು ಇರುತ್ತದೆ. ಅಂದು ಕಲಿತದ್ದು ಶುಕ್ರವಾರದ ಸ್ಪರ್ಧೆಯನ್ನು ಅರ್ಥ ಮಾಡಿಕೊಳ್ಳಲು ನೆರವಾಗುತ್ತದೆ.

ಟಿಕೆಟ್ ಕೊಳ್ಳುವಾಗ ಅದು ಬರೀ ಪ್ರವೇಶದ ಟಿಕೆಟ್ಟೋ ಅಥವಾ ಮುಖ್ಯ ಅಂಕಣದಲ್ಲಿ ಕಾದಿರಿಸಿದ ಆಸನವೂ ಸೇರಿದ್ದೋ ಎಂಬುದನ್ನು ನೋಡಿಕೊಳ್ಳಿ. ಶುಕ್ರವಾರಕ್ಕೆ ಆಸನ ಕಾದಿರಿಸುವುದು ಒಳ್ಳೆಯದು; ಉಳಿದ ದಿನಗಳಿಗೆ ಅದರ ಅಗತ್ಯ ಅಷ್ಟಾಗಿ ಇಲ್ಲ. ಕಾರಿಗಿಂತ ಡಾರ್ಟ್ ರೈಲು ವಾಸಿ, ಏಕೆಂದರೆ ಸ್ಯಾಂಡಿಮೌಂಟ್ ಅಥವಾ ಲ್ಯಾನ್ಸ್‌ಡೌನ್ ರೋಡ್ ನಿಲ್ದಾಣದಲ್ಲಿ ಇಳಿದರೆ ಮೈದಾನಕ್ಕೆ ನಡೆದೇ ಹೋಗಬಹುದು.

ಆಗಸ್ಟ್ ತಿಂಗಳಾದರೂ ಡಬ್ಲಿನ್‌ನಲ್ಲಿ ಹಗಲಿನ ಉಷ್ಣಾಂಶ ಸುಮಾರು 20 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ ಮತ್ತು ಯಾವ ಗಳಿಗೆಯಲ್ಲಾದರೂ ಮಳೆ ಸುರಿಯಬಹುದು. ಛತ್ರಿಯ ಬದಲು ತಲೆ ಮುಚ್ಚುವ ಮಳೆಯಂಗಿ ತೆಗೆದುಕೊಂಡು ಹೋಗಿ. ಅಂಕಣದ ಅಂಚಿನಲ್ಲಿ ಫಟ್ಟನೆ ಬಿಚ್ಚಿಕೊಂಡ ಒಂದು ಛತ್ರಿಯಿಂದ ಎಳೆಯ ಕುದುರೆ ಬೆದರಿ ಸವಾರನನ್ನು ಕೆಡವಬಹುದು. ಲೇಡೀಸ್ ಡೇಗೆ ಸೀರೆ ಉಟ್ಟು ಹೋಗುವವರು ಖಂಡಿತ ಹೋಗಬೇಕು. ಅಂದಿನ ಬಣ್ಣಗಳ ನಡುವೆ ರೇಷ್ಮೆ ಸೀರೆಗೆ ತನ್ನದೇ ಸ್ಥಾನವಿದೆ. ಆದರೆ ಒದ್ದೆ ಹುಲ್ಲಿನ ಮೇಲೆ ನಡೆಯಬೇಕಾಗುವುದರಿಂದ ಹಿಮ್ಮಡಿ ಎತ್ತರವಿಲ್ಲದ ಪಾದರಕ್ಷೆ ಹಾಕಿಕೊಳ್ಳಿ.

ಬೆಳಗ್ಗೆ ಪಕ್ಕದ ಅಂಕಣಗಳಿಗೆ ಹೋಗಿ

ಬಾಗಿಲು ತೆರೆಯುವ ಹೊತ್ತಿಗೆ ತಲುಪಿ, ಮೊದಲು ಕ್ಯಾಟಲಾಗ್ ಕೊಳ್ಳಿ. ಅದರಲ್ಲಿ ಪ್ರತಿ ಕುದುರೆಯ ಸಂಖ್ಯೆ, ಹೆಸರು, ವಯಸ್ಸು, ತಂದೆ ತಾಯಿ ಕುದುರೆಗಳು, ಮಾಲೀಕರು ಮತ್ತು ಅದನ್ನು ಸಾಕಿ ಬೆಳೆಸಿದವರ ವಿವರಗಳಿರುತ್ತವೆ. ಅದು ಕೈಯಲ್ಲಿದ್ದರೆ ಅಪರಿಚಿತರೊಡನೆ ಮಾತು ಶುರು ಮಾಡುವುದು ಸುಲಭವಾಗುತ್ತದೆ. ಪಕ್ಕದಲ್ಲಿ ನಿಂತವರನ್ನು "ಈ ಕುದುರೆಯನ್ನು ಬೆಳೆಸಿದವರು ಯಾರು?" ಎಂದು ಕೇಳಿ ನೋಡಿ. ಯಾರು ಗೆಲ್ಲಬಹುದು ಎಂದು ಕೇಳಿದರೆ ಒಂದು ಮಾತಿನ ಉತ್ತರ ಸಿಗುತ್ತದೆ. ಯಾರು ಬೆಳೆಸಿದರು ಎಂದು ಕೇಳಿದರೆ ಆ ಕುದುರೆಯ ತಾಯಿ, ಅದು ಹುಟ್ಟಿದ ಹೊಲ, ಆ ಮನೆತನ ಎಲ್ಲವೂ ಮಾತಿಗೆ ಬರುತ್ತವೆ. ಈ ಪ್ರದರ್ಶನದ ಬೇರು ಇರುವುದು ಕುದುರೆ ಸಾಕಣೆಯಲ್ಲಿ. ಹಳ್ಳಿಗಾಡಿನ ರೈತ ಕುಟುಂಬಗಳು ಒಂದು ಮರಿಯನ್ನು ವರ್ಷಗಟ್ಟಲೆ ಬೆಳೆಸಿ ಇಲ್ಲಿಗೆ ತರುತ್ತವೆ. ಮನೆಯಲ್ಲಿ ಗೋಡೆಗೆ ತೂಗುಹಾಕಿದ ಡಬ್ಲಿನ್‌ನ ಒಂದು ಕೆಂಪು ರಿಬ್ಬನ್, ಅಂದರೆ ಮೊದಲ ಬಹುಮಾನದ ಗುರುತು, ಆ ಕುಟುಂಬದಲ್ಲಿ ಮೊಮ್ಮಕ್ಕಳ ಕಾಲದವರೆಗೂ ಮಾತಾಗಿ ಉಳಿಯುತ್ತದೆ.

ಹಂಟರ್ ವರ್ಗದ ಸ್ಪರ್ಧೆಯೊಂದನ್ನು ಮೊದಲಿನಿಂದ ಕೊನೆಯವರೆಗೆ ನೋಡಿ. ಹಂಟರ್ ಎಂದರೆ ಹೊಲ, ಹಳ್ಳ, ಬೇಲಿಗಳನ್ನು ದಾಟಿ ದಿನವಿಡೀ ಸವಾರನನ್ನು ಹೊರಬಲ್ಲ ಕುದುರೆ. ಐರ್ಲೆಂಡಿನ ಐರಿಷ್ ಡ್ರಾಫ್ಟ್ ತಳಿಯನ್ನು ಪಂದ್ಯದ ಓಟಕ್ಕೆ ಹೆಸರಾದ ಥರೋಬ್ರೆಡ್ ತಳಿಯೊಡನೆ ಕೂಡಿಸಿ ಪಡೆದ ಇಂಥ ಕುದುರೆಗಳಿಗಾಗಿಯೇ ಆ ದೇಶ ಹೆಸರಾಗಿದೆ. ಹೊರಬಲ್ಲ ತೂಕಕ್ಕೆ ತಕ್ಕಂತೆ ಇವುಗಳನ್ನು ಹಗುರ, ಮಧ್ಯಮ, ಭಾರ ಎಂದು ವರ್ಗ ಮಾಡುತ್ತಾರೆ. ಕುದುರೆಗಳು ಮೊದಲು ಗುಂಪಾಗಿ ಅಂಕಣವನ್ನು ಸುತ್ತುತ್ತವೆ: ನಡಿಗೆ, ದುಡುಕು ನಡೆ, ಹದವಾದ ಓಟ, ಕೊನೆಗೆ ನಾಗಾಲೋಟ. ಬಳಿಕ ಅಂಕಣದ ವ್ಯವಸ್ಥೆ ನೋಡಿಕೊಳ್ಳುವ ಸ್ಟುವರ್ಡ್ ಒಬ್ಬೊಬ್ಬರನ್ನೇ ಕರೆದು ಸಾಲಾಗಿ ನಿಲ್ಲಿಸುತ್ತಾನೆ. ಆ ಮೇಲೆ ತೀರ್ಪುಗಾರ ಸ್ವತಃ ಒಂದೊಂದೇ ಕುದುರೆಯನ್ನು ಏರಿ ಓಡಿಸುತ್ತಾನೆ. ಹೊರಗಿನಿಂದ ಚೆಂದ ಕಂಡದ್ದು ಬೆನ್ನಿನ ಮೇಲೆ ಕುಳಿತಾಗ ಹೇಗಿದೆ ಎಂಬುದು ಆಗ ತಿಳಿಯುತ್ತದೆ. ಸಾಲಿನಲ್ಲಿ ಮೂರನೆಯದಾಗಿ ನಿಂತಿದ್ದ ಕುದುರೆ ಮೊದಲನೆಯದಾಗುವುದು, ಮೊದಲನೆಯದು ಕೆಳಗಿಳಿಯುವುದು ಈ ಹಂತದಲ್ಲಿಯೇ.

ಮುಂದಿನ ಹಂತವನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಜೀನು ಬಿಚ್ಚಿ, ಕುದುರೆಯ ಬರೀ ಮೈಯನ್ನು ತೀರ್ಪುಗಾರನಿಗೆ ತೋರಿಸಬೇಕು. ಅದಕ್ಕಾಗಿ ಸವಾರನ ಕಡೆಯವರು ಬ್ರಷ್ಷು, ಬಟ್ಟೆ, ನೀರಿನ ಸ್ಪಂಜು ಹಿಡಿದು ಅಂಕಣದೊಳಗೆ ಓಡಿ ಬರುತ್ತಾರೆ. ಬಂದವರು ತಂದೆಯೋ ಮಗಳೋ, ಎಷ್ಟೋ ವರ್ಷಗಳಿಂದ ಆ ಲಾಯದಲ್ಲಿ ದುಡಿಯುವ ಗ್ರೂಮೋ ಆಗಿರಬಹುದು. ಜೀನಿನ ಕೆಳಗೆ ಬೆವರಿನಿಂದ ಅಂಟಿಕೊಂಡ ಕೂದಲನ್ನು ಒರೆಸಿ, ಕೂದಲು ಬೆಳೆದ ದಿಕ್ಕಿಗೆ ಬ್ರಷ್ ಎಳೆದು, ಬಾಯಿಯ ಹಸಿರು ನೊರೆಯನ್ನು ಬಟ್ಟೆಯಿಂದ ತೆಗೆದು, ಗೊರಸಿನ ಮೇಲಿನ ಮಣ್ಣನ್ನು ಉಜ್ಜಿ, ಹಿಂದೆ ಸರಿದು ನಿಂತು ಒಮ್ಮೆ ನೋಡುತ್ತಾರೆ. ಪಕ್ಕದ ಕುದುರೆಗೆ ಸಹಾಯಕರು ಬಂದು ತಲುಪದಿದ್ದರೆ, ಅದು ಎದುರಾಳಿಯ ಕುದುರೆಯೇ ಆಗಿದ್ದರೂ ಅದರ ಲಗಾಮನ್ನು ಹಿಡಿದುಕೊಳ್ಳುವ ಕೈ ಅಲ್ಲಿ ಸಿಕ್ಕೇ ಸಿಗುತ್ತದೆ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಜೋಡಿಯ ಮೈ ಸವರಿ, ಕೊಂಬು, ಕಾಲು, ಬೆನ್ನಿನ ನೇರವನ್ನು ನೋಡಿ ಮಾತಾಡುವ ರೈತರನ್ನು ಕಂಡವರಿಗೆ ಈ ಅಂಕಣದ ಅಂಚಿನಲ್ಲಿ ನಿಂತವರ ನೋಟ ಹೊಸದೆನಿಸುವುದಿಲ್ಲ.

ಕನೆಮಾರಾ ತಳಿಯ ಗಿಡ್ಡ ಕುದುರೆಗಳ ವರ್ಗಗಳನ್ನೂ ಮರಿಯೊಡನೆ ಬರುವ ತಾಯಿ ಕುದುರೆಗಳ ವರ್ಗಗಳನ್ನೂ ತಪ್ಪಿಸಬೇಡಿ. ಐರ್ಲೆಂಡಿನ ಪಶ್ಚಿಮ ಕರಾವಳಿಯ ಕಲ್ಲುಗಾಡಿನಲ್ಲಿ ಬೆಳೆದ ಈ ತಳಿಗೆ 1923ರಿಂದ ತನ್ನದೇ ಸಾಕಣೆದಾರರ ಸಂಘವಿದೆ. ಬೆನ್ನಿನ ಎತ್ತರ 148 ಸೆಂಟಿಮೀಟರ್ ಮೀರುವಂತಿಲ್ಲ. ಮಕ್ಕಳೊಡನೆ ಹೋಗುವವರಿಗೆ ಇದಕ್ಕಿಂತ ಒಳ್ಳೆಯ ಆರಂಭವಿಲ್ಲ.

ಅಭ್ಯಾಸದ ಅಂಕಣದ ಬಳಿ ಅರ್ಧ ಗಂಟೆ ನಿಲ್ಲಿ

ಜಂಪಿಂಗ್ ಸ್ಪರ್ಧೆಗೆ ಮುನ್ನ ಕುದುರೆಗಳು ಮೈ ಬಿಸಿ ಮಾಡಿಕೊಳ್ಳುವ ಜಾಗ ಇದು. ಎರಡು ಮೂರು ತಡೆಗಳು, ಹತ್ತಾರು ಕುದುರೆಗಳು, ಬಾಗಿಲ ಬಳಿ ಸಂಖ್ಯೆಗಳ ಪಟ್ಟಿ ಹಿಡಿದ ಒಬ್ಬ ಸ್ಟುವರ್ಡ್. ಪ್ರತಿ ತಡೆಗೂ ಕೆಂಪು ಮತ್ತು ಬಿಳಿ ಬಾವುಟಗಳಿದ್ದು, ಕೆಂಪು ಬಾವುಟ ಕುದುರೆಯ ಬಲಕ್ಕೆ ಬರುವಂತೆ ಮಾತ್ರ ಜಿಗಿಯಬೇಕು. ಇದರಿಂದ ಎದುರುಬದುರು ಬಂದು ಡಿಕ್ಕಿಯಾಗುವುದು ತಪ್ಪುತ್ತದೆ. ತರಬೇತುದಾರರು ತಡೆಯ ಪಕ್ಕದಲ್ಲಿ ನಿಂತು ಕೋಲನ್ನು ಒಂದೊಂದೇ ರಂಧ್ರ ಮೇಲಕ್ಕೆ ಏರಿಸುತ್ತಾರೆ. ಒಂದು ದೇಶದ ಕುದುರೆ ಕೋಲು ಕೆಡವಿದಾಗ ಹತ್ತಿರ ನಿಂತಿದ್ದ ಮತ್ತೊಂದು ದೇಶದ ತರಬೇತುದಾರ ಅದನ್ನು ಎತ್ತಿ ಇಡುವುದನ್ನು ಗಮನಿಸಿ. ಅದನ್ನು ಯಾರೂ ಉಪಕಾರವೆಂದು ಎಣಿಸುವುದಿಲ್ಲ, ಧನ್ಯವಾದವನ್ನೂ ತಲೆಯಾಡಿಸಿ ಮುಗಿಸುತ್ತಾರೆ. ಇನ್ನು ಹತ್ತು ನಿಮಿಷಕ್ಕೆ ಅದೇ ಇಬ್ಬರ ಸವಾರರು ಮುಖ್ಯ ಅಂಕಣದಲ್ಲಿ ಒಬ್ಬರನ್ನೊಬ್ಬರು ಸೋಲಿಸಲು ಹೊರಟಿರುತ್ತಾರೆ.

ಕಾಯುವ ಕುದುರೆಗಳ ಬಾಲದಲ್ಲಿ ಕೆಂಪು ರಿಬ್ಬನ್ ಕಂಡರೆ ಅದು ಒದೆಯುವ ಸ್ವಭಾವದ್ದೆಂದೂ ಹಸಿರು ಕಂಡರೆ ಇನ್ನೂ ಅನುಭವವಿಲ್ಲದ ಎಳೆಯ ಕುದುರೆಯೆಂದೂ ತಿಳಿಯಿರಿ. ರಿಬ್ಬನ್ ಇಲ್ಲದಿದ್ದರೂ ಯಾವ ಕುದುರೆಯ ಹಿಂಬದಿಯಿಂದಲೂ ಹಾಯಬಾರದು. ಮುಟ್ಟುವ ಆಸೆಯಿದ್ದರೆ ಹಿಡಿದಿರುವವರನ್ನು ಕೇಳಿ, ಅವರು ಒಪ್ಪಿದರೆ ಭುಜದ ಕಡೆಯಿಂದ ನಿಧಾನವಾಗಿ ಹತ್ತಿರ ಹೋಗಿ ಕುತ್ತಿಗೆಯನ್ನು ಸವರಬೇಕು. ಬೆಲ್ಲವೋ ಕ್ಯಾರೆಟ್ಟೋ ತಿನ್ನಿಸುವ ಅಭ್ಯಾಸವನ್ನು ಇಲ್ಲಿ ಸಂಪೂರ್ಣವಾಗಿ ಬಿಡಿ; ಸ್ಪರ್ಧೆಯ ಕುದುರೆಗಳಿಗೆ ಉದ್ದೀಪನ ಮದ್ದಿನ ಪರೀಕ್ಷೆ ಇರುವುದರಿಂದ ಹೊರಗಿನವರು ಕೊಟ್ಟ ತುತ್ತು ಮಾಲೀಕರನ್ನು ದೊಡ್ಡ ಸಂಕಷ್ಟಕ್ಕೆ ಸಿಕ್ಕಿಸಬಹುದು. ಸವಾರ ಬಿದ್ದು ಕುದುರೆ ತಪ್ಪಿಸಿಕೊಂಡರೆ "ಲೂಸ್ ಹಾರ್ಸ್" ಎಂಬ ಕೂಗು ಏಳುತ್ತದೆ. ಆಗ ಮಕ್ಕಳನ್ನು ಹತ್ತಿರ ಎಳೆದುಕೊಂಡು, ಓಡದೆ, ಕೈ ಬೀಸದೆ, ಇದ್ದ ಜಾಗದಲ್ಲಿಯೇ ನಿಲ್ಲಬೇಕು. ಬಿದ್ದವರ ಚಿತ್ರ ತೆಗೆಯಬೇಡಿ; ಆ ಹೊತ್ತಿನಲ್ಲಿ ಸುತ್ತಲಿನ ಯಾರೂ ಫೋನ್ ಎತ್ತಿರುವುದಿಲ್ಲ ಎಂಬುದನ್ನು ನೀವೇ ಕಾಣುವಿರಿ.

ಲಾಯಗಳ ಕಡೆಗೆ ಅನುಮತಿ ಇಲ್ಲದೆ ಹೋಗಬಾರದು. ಐದು ದಿನ ಪರಸ್ಥಳದಲ್ಲಿ ಕುದುರೆಯನ್ನು ನೆಮ್ಮದಿಯಾಗಿ ಇಡುವುದು ಸುಲಭದ ಕೆಲಸವಲ್ಲ. ದಿನಕ್ಕೆ 25ರಿಂದ 50 ಲೀಟರ್‌ವರೆಗೆ ನೀರು ಕುಡಿಯುವ ಪ್ರಾಣಿ ಹೊಸ ಜಾಗದಲ್ಲಿ ನೀರನ್ನೇ ಮುಟ್ಟದಿದ್ದರೆ ಹೊಟ್ಟೆನೋವು ಬರಬಹುದು. ಆದ್ದರಿಂದ ಗ್ರೂಮ್‌ಗಳು ಬಕೆಟ್ಟಿನಲ್ಲಿ ಎಷ್ಟು ಇಳಿದಿದೆ, ಹುಲ್ಲು ಎಷ್ಟು ಉಳಿದಿದೆ, ಲದ್ದಿ ಹೇಗಿದೆ ಎಂದು ಹಗಲು ರಾತ್ರಿ ನೋಡುತ್ತಿರುತ್ತಾರೆ. ಕಾಫಿ ಅಂಗಡಿಯ ಸಾಲಿನಲ್ಲಿ ಕೆಸರು ಬೂಟಿನ, ನಿದ್ದೆಗೆಟ್ಟ ಮುಖದ ಯುವತಿಯೊಬ್ಬಳು ನಿಮ್ಮ ಹಿಂದೆ ನಿಂತಿದ್ದರೆ ಅವಳಿಗೆ ಮುಂದೆ ದಾರಿ ಬಿಡಿ.

ಶುಕ್ರವಾರದ ಸ್ಪರ್ಧೆಯನ್ನು ಅನುಸರಿಸುವ ಬಗೆ

1925ರಲ್ಲಿ ಸ್ವಿಸ್ ಸೈನ್ಯದ ಕರ್ನಲ್ ಒಬ್ಬರು ಡಬ್ಲಿನ್‌ನಲ್ಲಿ ಅಂತರರಾಷ್ಟ್ರೀಯ ಜಂಪಿಂಗ್ ನಡೆಸಬಾರದೇಕೆ ಎಂದು ಸೂಚಿಸಿದರು. ಅದಕ್ಕೆ ಪಾರಿತೋಷಕ ಕೊಟ್ಟವರು ಮೂರನೆಯ ಆಗಾ ಖಾನ್. ಗಾಂಧೀಜಿ ಬಂಧನದಲ್ಲಿದ್ದ, 1944ರಲ್ಲಿ ಕಸ್ತೂರಬಾ ಕೊನೆಯುಸಿರೆಳೆದ ಪುಣೆಯ ಆಗಾ ಖಾನ್ ಅರಮನೆಯನ್ನು ಕಟ್ಟಿಸಿದವರೂ ಇವರೇ. ಕುದುರೆಗಳ ಮೇಲೆ ಅಪಾರ ಒಲವಿದ್ದ ಅವರಿಗೆ ಐರ್ಲೆಂಡಿನಲ್ಲಿ ಕುದುರೆ ಸಾಕಣೆ ಕೇಂದ್ರಗಳಿದ್ದವು. 1926ರ ಮೊದಲ ಸ್ಪರ್ಧೆಯಲ್ಲಿ ಆರು ದೇಶಗಳು ಸೆಣಸಿ, ಸ್ವಿಟ್ಜರ್ಲೆಂಡ್ ಗೆದ್ದಿತು. ಅವರು ಏರಿದ್ದ ಕುದುರೆಗಳು ಐರ್ಲೆಂಡಿನಲ್ಲಿ ಬೆಳೆದವು. ಐರಿಷ್ ಸೈನ್ಯದ ಅಶ್ವಾರೋಹಣ ಶಾಲೆ ಹುಟ್ಟಿದ್ದೂ ಅದೇ ವರ್ಷ, ಮತ್ತು ಅದರ ಸವಾರರು ಇಂದಿಗೂ ಸಮವಸ್ತ್ರದಲ್ಲಿಯೇ ಸ್ಪರ್ಧಿಸುತ್ತಾರೆ.

ನಿಯಮ ಸರಳವಾಗಿದೆ. ತಂಡಕ್ಕೆ ನಾಲ್ವರು ಸವಾರರು, ಎರಡು ಸುತ್ತು. ಒಂದು ಕೋಲು ಬಿದ್ದರೆ 4 ದಂಡ ಅಂಕ, ಕುದುರೆ ಮೊದಲ ಬಾರಿ ಜಿಗಿಯಲು ನಿರಾಕರಿಸಿದರೆ ಮತ್ತೆ 4, ಎರಡನೆಯ ಬಾರಿ ನಿರಾಕರಿಸಿದರೆ ಅಥವಾ ಸವಾರ ಬಿದ್ದರೆ ಆಟದಿಂದ ಹೊರಗೆ. ನಿಗದಿತ ಸಮಯ ಮೀರಿದರೂ ದಂಡವಿದೆ. ಪ್ರತಿ ಸುತ್ತಿನಲ್ಲಿ ಅತ್ಯುತ್ತಮ ಮೂವರ ಅಂಕಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ನಾಲ್ವರು 0, 4, 8, 12 ದಂಡ ಪಡೆದರೆ ಕೊನೆಯ 12 ಬಿಟ್ಟುಹೋಗಿ ತಂಡದ ಮೊತ್ತವೂ 12 ಆಗುತ್ತದೆ. ಹೀಗಾಗಿ ಮೊದಲ ಸವಾರನೊಬ್ಬ ಎಡವಿದರೆ ಉಳಿದ ಮೂವರ ಮೇಲೆ ಹೊರೆ ಬೀಳುತ್ತದೆ. ಅವನು ಹೊರಬಂದ ಕೂಡಲೇ ಕುದುರೆಯಿಂದ ಇಳಿದು, ಯಾವ ತಿರುವಿನಲ್ಲಿ ನೆಲ ಜಾರುತ್ತಿದೆ, ಯಾವ ತಡೆಗೆ ಕುದುರೆ ಹಿಂಜರಿಯಿತು ಎಂಬುದನ್ನು ಮುಂದಿನವರಿಗೆ ಹೇಳಲು ಓಡುವುದನ್ನು ಬಾಗಿಲ ಬಳಿ ನಿಂತರೆ ಕಾಣಬಹುದು.

ಸ್ಪರ್ಧೆಗೆ ಮುನ್ನ ಸವಾರರು ಕಾಲ್ನಡಿಗೆಯಲ್ಲಿ ಅಂಕಣವನ್ನು ಅಳೆಯುತ್ತಾರೆ. ಮನುಷ್ಯನ ನಾಲ್ಕು ದೊಡ್ಡ ಹೆಜ್ಜೆಗಳು ಸೇರಿದರೆ ಕುದುರೆಯ ಒಂದು ದಾಪು, ಸುಮಾರು 3.6 ಮೀಟರ್. ಎರಡು ತಡೆಗಳ ನಡುವೆ ಐದು ದಾಪು ಹಾಕಬೇಕೋ ಆರೋ ಎಂಬ ನಿರ್ಧಾರ ಆಗಲೇ ಆಗುತ್ತದೆ. ಬೇಗ ಬಂದು ಕುಳಿತು ಇದನ್ನು ನೋಡಿದವರಿಗೆ ಮುಂದಿನ ಎರಡು ಗಂಟೆ ಬೇರೆಯಾಗಿಯೇ ಕಾಣುತ್ತದೆ. ಬಳಿಕ ಸೈನ್ಯದ ವಾದ್ಯವೃಂದದೊಡನೆ ತಂಡಗಳ ಮೆರವಣಿಗೆ. ಸಾಮಾನ್ಯವಾಗಿ ದೇಶದ ಅಧ್ಯಕ್ಷರು ಅಂದು ಹಾಜರಿರುತ್ತಾರೆ; ರಾಷ್ಟ್ರಗೀತೆಗೆ ಎಲ್ಲರೊಡನೆ ಎದ್ದು ನಿಲ್ಲಿ.

ಕುದುರೆ ಜಿಗಿಯುತ್ತಿರುವಷ್ಟು ಹೊತ್ತು ಮಾತು ಬೇಡ, ಚಪ್ಪಾಳೆಯೂ ಬೇಡ. ಕೊನೆಯ ತಡೆ ದಾಟಿ ಕಾಲುಗಳು ನೆಲಕ್ಕೆ ತಾಗಿದ ಮೇಲೆ, ಯಾವ ದೇಶದವರಾದರೂ ಸರಿ, ಮನಸಾರೆ ತಟ್ಟಿ. ಐರಿಷ್ ಪ್ರೇಕ್ಷಕರ ದೊಡ್ಡತನ ಕಾಣುವುದು ಇಲ್ಲಿಯೇ: ತಮ್ಮ ತಂಡಕ್ಕಾಗಿ ಕೂಗುವವರೇ ಎದುರಾಳಿಯ ತಪ್ಪಿಲ್ಲದ ಸುತ್ತಿಗೂ ಮನಸಾರೆ ಕೈ ತಟ್ಟುತ್ತಾರೆ. ಪಕ್ಕದಲ್ಲಿ ಹಿರಿಯರು ಕುಳಿತಿದ್ದರೆ 1977, 1978 ಮತ್ತು 1979ರ ಬಗ್ಗೆ ಕೇಳಿ. ಎಡ್ಡಿ ಮ್ಯಾಕನ್, ಪಾಲ್ ಡಾರಾ, ಜೇಮ್ಸ್ ಕರ್ನನ್ ಮತ್ತು ಸೈನ್ಯದ ಕ್ಯಾಪ್ಟನ್ ಕಾನ್ ಪವರ್ ಇದ್ದ ತಂಡ ಸತತ ಮೂರು ವರ್ಷ ಗೆದ್ದು, ನಿಯಮದಂತೆ ಪಾರಿತೋಷಕವನ್ನು ಶಾಶ್ವತವಾಗಿ ದೇಶಕ್ಕೆ ಉಳಿಸಿಕೊಂಡಿತು. ಮ್ಯಾಕನ್ ಏರಿದ್ದ ಬೂಮರ‍್ಯಾಂಗ್ ಎಂಬ ಕುದುರೆಯ ಹೆಸರು ಹೇಳಿದರೆ ಸಾಕು, ನಿಮ್ಮ ಮುಂದಿನ ಸಾಲಿನವರೂ ಹಿಂದೆ ತಿರುಗಿ ಮಾತಿಗೆ ಸೇರಬಹುದು.

ವಾರಾಂತ್ಯ

ಶನಿವಾರದ ಪ್ಯುಸಾನ್ಸ್‌ಗೆ ವಿವರಣೆ ಬೇಕಿಲ್ಲ. ಮರದ ಟೊಳ್ಳು ಇಟ್ಟಿಗೆಗಳ ಗೋಡೆಯೊಂದನ್ನು ಸುತ್ತಿನಿಂದ ಸುತ್ತಿಗೆ ಎತ್ತರಿಸುತ್ತಾ ಹೋಗುತ್ತಾರೆ. ಅದು ಎರಡು ಮೀಟರ್ ದಾಟುವ ಹೊತ್ತಿಗೆ ಆಚೆಯ ನೆಲ ಕುದುರೆಗೆ ಕಾಣುವುದೇ ಇಲ್ಲ. ಇಂಥ ಗೋಡೆಯ ವಿಶ್ವದಾಖಲೆ 2.40 ಮೀಟರ್ ಮತ್ತು ಅದು 1991ರಿಂದ ಹಾಗೆಯೇ ಉಳಿದಿದೆ. ಒಂದು ಹಂತದಲ್ಲಿ ಸವಾರನೊಬ್ಬ ಟೋಪಿ ಮುಟ್ಟಿ, ಇನ್ನು ಸಾಕೆಂದು ಕುದುರೆಯನ್ನು ಹೊರಗೆ ನಡೆಸಿಕೊಂಡು ಹೋಗಬಹುದು. ಅವನಿಗೂ ಗೆದ್ದವನಷ್ಟೇ ಚಪ್ಪಾಳೆ ಸಲ್ಲಬೇಕು. ದಣಿದ ಕುದುರೆಯನ್ನು ಇನ್ನೊಮ್ಮೆ ಗೋಡೆಗೆ ಒಡ್ಡದಿರುವುದು ಈ ಜನರ ನಡುವೆ ಗೌರವದ ನಡೆ. ಮಕ್ಕಳನ್ನು ಕರೆತರಲು ಶನಿವಾರವೇ ಸೂಕ್ತ.

ಭಾನುವಾರದ ಗ್ರ್ಯಾನ್ ಪ್ರಿ ಮುಗಿಯುತ್ತಿದ್ದಂತೆ ಸಾಗಣೆ ವಾಹನಗಳು ಒಂದೊಂದಾಗಿ ಹೊರಡುತ್ತವೆ. ಆ ಹೊತ್ತಿನಲ್ಲಿ ಯಾರನ್ನೂ ಮಾತಿಗೆ ನಿಲ್ಲಿಸಬೇಡಿ. ಅವರಲ್ಲಿ ಅನೇಕರಿಗೆ ರಾತ್ರಿಯಿಡೀ ಪ್ರಯಾಣವಿದೆ.

ಬಳಿಕ ಮುಂದುವರಿಯಬೇಕೆಂದರೆ

ಡಬ್ಲಿನ್ ಮುಗಿದ ಕೆಲವೇ ದಿನಗಳಲ್ಲಿ, ಆಗಸ್ಟ್ ತಿಂಗಳಲ್ಲಿಯೇ, ಗಾಲ್ವೇ ಜಿಲ್ಲೆಯ ಕ್ಲಿಫ್ಡನ್ ಊರಿನಲ್ಲಿ ಕನೆಮಾರಾ ಕುದುರೆಗಳ ಪ್ರದರ್ಶನ ನಡೆಯುತ್ತದೆ. ಅದು ಚಿಕ್ಕದು, ಊರಿನವರೆಲ್ಲ ಸೇರುವಂಥದು, ಡಬ್ಲಿನ್‌ನಲ್ಲಿ ಕಂಡ ಕೆಲವು ಮುಖಗಳು ಅಲ್ಲಿ ಮತ್ತೆ ಸಿಗುತ್ತವೆ. ಕುದುರೆಯೊಡನೆ ಕೈಯಾರೆ ಕೆಲಸ ಮಾಡಬೇಕೆಂಬ ಆಸೆ ಹುಟ್ಟಿದ್ದರೆ, ಅಂಗವಿಕಲರಿಗೆ ಸವಾರಿ ಕಲಿಸುವ ರೈಡಿಂಗ್ ಫಾರ್ ದ ಡಿಸೇಬಲ್ಡ್ ಅಸೋಸಿಯೇಷನ್‌ನ ಐರ್ಲೆಂಡ್ ಘಟಕಕ್ಕೆ ಸ್ವಯಂಸೇವಕರು ಬೇಕಾಗುತ್ತಾರೆ. ಅಲ್ಲಿ ಕುದುರೆಯನ್ನು ನಡೆಸಿಕೊಂಡು ಹೋಗುವುದು, ಸವಾರನ ಪಕ್ಕದಲ್ಲಿ ಆಸರೆಯಾಗಿ ನಡೆಯುವುದು ಮುಂತಾದ ಕೆಲಸಗಳಿರುತ್ತವೆ.

ಊರಿಗೆ ಮರಳುವವರು ಬೆಂಗಳೂರಿನ ಹೊರವಲಯದ ಎಂಬೆಸಿ ಇಂಟರ್‌ನ್ಯಾಷನಲ್ ರೈಡಿಂಗ್ ಸ್ಕೂಲ್‌ನಲ್ಲಿ ನಡೆಯುವ ಜಂಪಿಂಗ್ ಸ್ಪರ್ಧೆಗಳನ್ನು ನೋಡಬಹುದು. 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಬೆಳ್ಳಿ ಗೆದ್ದ, ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅಂತಿಮ ಸುತ್ತು ತಲುಪಿದ ಬೆಂಗಳೂರಿನ ಫವಾದ್ ಮಿರ್ಜಾ ಅವರ ಬೆಳವಣಿಗೆಗೆ ಬೆಂಬಲವಾಗಿ ನಿಂತದ್ದು ಇದೇ ಬಳಗ. ತಡೆಯ ಬಾವುಟಗಳ ಬಣ್ಣ, ದಂಡ ಅಂಕಗಳ ಲೆಕ್ಕ, ಕುದುರೆಯ ಬಳಿ ನಡೆದುಕೊಳ್ಳುವ ರೀತಿ ಅಲ್ಲಿಯೂ ಇವೇ. ಅಭ್ಯಾಸದ ಅಂಕಣ ಎಲ್ಲಿದೆ ಎಂದು ಮೊದಲು ಕೇಳಿಕೊಂಡು ಅಲ್ಲಿಂದಲೇ ಆರಂಭಿಸಿ.